ರೋಗ ಯಾರದು, ಗುಟ್ಟು ಯಾರದು?

ಒಬ್ಬ ಮನುಷ್ಯನಿಗೆ ಬಂದ ಕಾಯಿಲೆಯ ಸುದ್ದಿ ಯಾರ ಸ್ವತ್ತು? ಕಾಯಿಲೆ ಬಿದ್ದವನದೇ? ಅವನ ಹೆಂಡತಿ ಮಕ್ಕಳದೇ? ಅವನನ್ನು ಪರೀಕ್ಷೆ ಮಾಡಿದ ಡಾಕ್ಟರದೇ? ಅಥವಾ ಆತ ನಾಲ್ಕು ಜನಕ್ಕೆ ಗೊತ್ತಿರುವವನಾದರೆ, ಆ ನಾಲ್ಕು ಜನರದೇ? ನಮ್ಮ ಮನೆಯ ಕಾಯಿಲೆಯ ಮಾತು ಬಂದಾಗ ಇದಕ್ಕೆ ಉತ್ತರ ಬಹಳ ಸುಲಭ. ಪಕ್ಕದ ಮನೆಯವರ ಕಾಯಿಲೆಯ ಮಾತು ಬಂದಾಗ ಮಾತ್ರ ಉತ್ತರ ಸ್ವಲ್ಪ ಬದಲಾಗುತ್ತದೆ. ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಟೆನಿಸ್ ಆಟಗಾರ ಆರ್ಥರ್ ಆಶ್ ಅವರ ಬಾಳಿಗಿಂತ ಒಳ್ಳೆಯ ಉದಾಹರಣೆ ನಮಗೆ ತೋಚುತ್ತಿಲ್ಲ. ಇಂದಿನ ಮಕ್ಕಳಿಗೆ ಅದು ನ್ಯೂಯಾರ್ಕಿನ ಒಂದು ದೊಡ್ಡ ಸ್ಟೇಡಿಯಂನ ಹೆಸರು, ಅಷ್ಟೆ. ಆ ಹೆಸರಿನ ಹಿಂದಿದ್ದ ಮನುಷ್ಯನ ಕಥೆಯನ್ನು ಮೊದಲು ಸ್ವಲ್ಪ ಹೇಳಬೇಕು.

ಆಶ್ ಹುಟ್ಟಿದ್ದು 1943ರ ಜುಲೈ 10ರಂದು, ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ. ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು ಶಾಲೆ. ಬಿಳಿಯರಿಗೊಂದು ಪಾರ್ಕು, ಕರಿಯರಿಗೊಂದು ಪಾರ್ಕು ಎಂದು ಭಾಗವಾಗಿದ್ದ ಕಾಲ. ತಂದೆ ಕರಿಯರ ಪಾಲಿನ ಬ್ರೂಕ್ ಫೀಲ್ಡ್ ಎಂಬ ಆಟದ ಬಯಲಿನ ಮೇಲ್ವಿಚಾರಕರು. ಮನೆಯೂ ಅಲ್ಲೇ, ಟೆನಿಸ್ ಅಂಗಳವೂ ಅಲ್ಲೇ. ಆರು ವರ್ಷದ ಹುಡುಗನಿದ್ದಾಗ ತಾಯಿ ತೀರಿಕೊಂಡರು. ಆ ಬಯಲಿನಲ್ಲೇ ರಾನ್ ಚಾರಿಟಿ ಎಂಬ ಯುವಕ ಈ ಸಣಕಲು ಹುಡುಗನ ಕೈಗೆ ರಾಕೆಟ್ ಕೊಟ್ಟು ಪಾಠ ಹೇಳಿದ. ಮುಂದೆ ಲಿಂಚ್‌ಬರ್ಗ್ ಊರಿನ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಅವರ ಬಳಿಗೆ ಕಳಿಸಿದ.

ಈ ಡಾ. ಜಾನ್ಸನ್ ನಮ್ಮ ವೃತ್ತಿಯವರೇ. ರೋಗಿಗಳನ್ನು ನೋಡಿ ಉಳಿದ ಸಮಯದಲ್ಲಿ, ತಮ್ಮ ಮನೆಯ ಹಿತ್ತಿಲಿನ ಟೆನಿಸ್ ಅಂಗಳದಲ್ಲಿ ಕರಿಯ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ವಿಂಬಲ್ಡನ್ ಗೆದ್ದ ಮೊದಲ ಕರಿಯ ಆಟಗಾರ್ತಿ ಆಲ್ಥಿಯಾ ಗಿಬ್ಸನ್ ಅವರ ಶಿಷ್ಯೆಯೇ. ತಮ್ಮ ಹುಡುಗರಿಗೆ ಅವರು ವಿಧಿಸಿದ್ದ ಒಂದು ನಿಯಮ ವಿಚಿತ್ರವಾಗಿ ಕಾಣಬಹುದು. ಎದುರಾಳಿ ಹೊಡೆದ ಚೆಂಡು ಗೆರೆಯಿಂದ ಎರಡು ಅಂಗುಲ ಆಚೆ ಬಿದ್ದರೂ ಅದನ್ನು ಒಳಗೆ ಬಿತ್ತೆಂದೇ ತಿಳಿದು ಆಡಬೇಕು. ತೀರ್ಪಿನ ಬಗ್ಗೆ ವಾದ ಕೂಡದು, ರಾಕೆಟ್ ಎಸೆಯಕೂಡದು, ಮುಖದಲ್ಲಿ ಸಿಟ್ಟು ತೋರಿಸಕೂಡದು. ಇದು ಬರೀ ಧಾರಾಳತನವಲ್ಲ. ಬಿಳಿಯರ ಕ್ಲಬ್ಬಿಗೆ ಹೋಗಿ ಜಗಳವಾಡಿದ ಕರಿಯ ಹುಡುಗನನ್ನು ಮರುವರ್ಷ ಒಳಗೆ ಬಿಟ್ಟುಕೊಳ್ಳದಿರಲು ಅಷ್ಟೇ ನೆಪ ಸಾಕಿತ್ತು. ಒಳಗಿರುವುದನ್ನು ಒಳಗೇ ಇಟ್ಟುಕೊಳ್ಳುವುದನ್ನು ಆಶ್ ಹತ್ತು ಹನ್ನೆರಡು ವರ್ಷಕ್ಕೇ ಕಲಿತರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಂದಿನದು ಬಹಳ ಮಂದಿಗೆ ಗೊತ್ತಿರುವ ಕಥೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ; 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕರಿಯ ಆಟಗಾರ; ಆಮೇಲೆ ಸೈನ್ಯದಲ್ಲಿ ಕೆಲಸ. 1968ರಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿ ಮೊಟ್ಟಮೊದಲ ಯು.ಎಸ್. ಓಪನ್ ನಡೆಯಿತು. ಐದು ಸೆಟ್ಟುಗಳ ಫೈನಲ್‌ನಲ್ಲಿ ಹಾಲೆಂಡಿನ ಟಾಮ್ ಆಕ್ಕರ್ ಅವರನ್ನು ಆಶ್ ಸೋಲಿಸಿದರು. ಆದರೆ ಆಗ ಅವರು ಹವ್ಯಾಸಿ ಆಟಗಾರ. ಆದ್ದರಿಂದ 14,000 ಡಾಲರ್ ಬಹುಮಾನ ಸೋತ ಆಕ್ಕರ್ ಕೈಗೆ ಹೋಯಿತು; ಗೆದ್ದವರಿಗೆ ಸಿಕ್ಕಿದ್ದು ದಿನಕ್ಕೆ 20 ಡಾಲರ್ ಭತ್ಯೆ. 1970ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ವರ್ಣಭೇದದ ದಕ್ಷಿಣ ಆಫ್ರಿಕಾ ವೀಸಾ ನಿರಾಕರಿಸುತ್ತಲೇ ಬಂದು ಕೊನೆಗೆ 1973ರಲ್ಲಿ ಕೊಟ್ಟಿತು. ಅಲ್ಲಿಗೂ ಹೋಗಿ ಆಡಿ ಬಂದರು. 1975ರ ಜುಲೈ 5ರಂದು ವಿಂಬಲ್ಡನ್ ಫೈನಲ್. ಎದುರಿಗೆ 22 ವರ್ಷದ ಜಿಮ್ಮಿ ಕಾನರ್ಸ್, ಹಿಂದಿನ ವರ್ಷದ ವಿಜೇತ. ಆಶ್ ಅವರಿಗೆ 32 ತುಂಬಲು ಇನ್ನು ಐದು ದಿನ. ರಭಸವಾಗಿ ಹೊಡೆಯುವ ತಮ್ಮ ಆಟವನ್ನೇ ಅಂದು ಬದಿಗಿಟ್ಟರು. ಮೆತ್ತನೆಯ, ತಗ್ಗಿನ ಚೆಂಡುಗಳನ್ನು ಕೊಟ್ಟು, ಕಾನರ್ಸ್ ಅವರ ವೇಗ ಅವರಿಗೇ ಉಪಯೋಗಕ್ಕೆ ಬಾರದಂತೆ ಮಾಡಿ 6-1, 6-1, 5-7, 6-4ರಿಂದ ಗೆದ್ದರು. ಸೆಟ್ಟುಗಳ ನಡುವಿನ ವಿರಾಮದಲ್ಲಿ ಅವರು ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿದ್ದನ್ನು ಜಗತ್ತೇ ಕಂಡಿತು. ಏನು ಯೋಚಿಸುತ್ತಿದ್ದರು ಎಂಬುದು ಮಾತ್ರ ಯಾರಿಗೂ ಕಾಣಲಿಲ್ಲ.

1977ರಲ್ಲಿ ಛಾಯಾಗ್ರಾಹಕಿ ಜೀನ್ ಮುತುಸಾಮಿ ಅವರೊಡನೆ ಮದುವೆ. ಆ ಹೆಸರಿನಲ್ಲಿ ನಮ್ಮ ಕಡೆಯ ಮುತ್ತುಸ್ವಾಮಿ ಕೇಳಿಸಿದರೆ ಅದು ಕಿವಿಯ ಭ್ರಮೆಯಲ್ಲ. ಅವರ ತಂದೆಯ ವಂಶಕ್ಕೆ ಭಾರತದ ಬೇರೂ ಒಂದಿದೆ. ಮದುವೆಯಾಗಿ ಎರಡು ವರ್ಷಕ್ಕೆ, 1979ರ ಜುಲೈನಲ್ಲಿ, 36 ವರ್ಷದ ಆಟಗಾರನಿಗೆ ಹೃದಯಾಘಾತವಾಯಿತು. ಅದೇ ಡಿಸೆಂಬರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ. ಮರುವರ್ಷ ಆಟಕ್ಕೆ ವಿದಾಯ. 1983ರಲ್ಲಿ ಎರಡನೆಯ ಬೈಪಾಸ್. ಆಪರೇಷನ್ ಆದ ಮೇಲೆ ಬೇಗ ಚೇತರಿಸಿಕೊಳ್ಳಲೆಂದು ರಕ್ತ ಕೊಟ್ಟರು. ದಾನಿಗಳ ರಕ್ತದಲ್ಲಿ ಏಡ್ಸ್ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ ಈ ದೇಶದಲ್ಲಿ ಆರಂಭವಾದದ್ದು 1985ರ ಮಾರ್ಚಿನಲ್ಲಿ. ಎರಡು ವರ್ಷದ ಅಂತರ. ಜೀವ ಹಿಡಿದು ನಿಲ್ಲಿಸಲೆಂದು ಕೊಟ್ಟ ರಕ್ತದಲ್ಲೇ ವೈರಸ್ ಬಂತೆಂದು ಆಶ್ ಮತ್ತು ಅವರ ವೈದ್ಯರು ನಂಬಿದ್ದರು.

ಗೊತ್ತಾದದ್ದು 1988ರಲ್ಲಿ. ರಾಕೆಟ್ ಹಿಡಿದು ಗೆದ್ದಿದ್ದ ಬಲಗೈ ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪಿತು. ಮಿದುಳಿನ ಆಪರೇಷನ್ ಮಾಡಿ ನೋಡಿದಾಗ ಸಿಕ್ಕಿದ್ದು ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು. ಈ ಜೀವಿ ಬಹಳ ಜನರ ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿರುತ್ತದೆ, ಏನೂ ಮಾಡುವುದಿಲ್ಲ. ದೇಹದ ರೋಗನಿರೋಧಕ ಶಕ್ತಿ ಕುಸಿದಾಗ ಮಾತ್ರ ಏಳುತ್ತದೆ. ಆದ್ದರಿಂದ ಆ ಕಾಲದಲ್ಲಿ ನಡುವಯಸ್ಸಿನವನ ಮಿದುಳಿನಲ್ಲಿ ಅದನ್ನು ಕಂಡ ಡಾಕ್ಟರು ಮುಂದಿನ ಪರೀಕ್ಷೆ ಯಾವುದೆಂದು ಯೋಚಿಸಬೇಕಾಗಿರಲಿಲ್ಲ. ಹೆಂಡತಿಗೂ, ದತ್ತು ತೆಗೆದುಕೊಂಡಿದ್ದ ಪುಟ್ಟ ಮಗಳು ಕ್ಯಾಮೆರಾಳಿಗೂ ಸೋಂಕು ಇರಲಿಲ್ಲ. ಆಗ ಇದ್ದ ಔಷಧ ಹೆಚ್ಚು ಕಡಿಮೆ ಒಂದೇ, 1987ರಲ್ಲಿ ಬಂದ ಎ.ಜೆಡ್.ಟಿ. ಕಾಯಿಲೆಯನ್ನು ಹತೋಟಿಗೆ ತರುವ ಔಷಧಗಳ ಕೂಟ ಬಳಕೆಗೆ ಬಂದದ್ದು 1996ರಲ್ಲಿ. ಇಂದು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವ ರೋಗಿ ಹೆಚ್ಚು ಕಡಿಮೆ ಎಲ್ಲರಷ್ಟೇ ವರ್ಷ ಬಾಳಬಲ್ಲ. ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ದಾಂಪತ್ಯದಲ್ಲಿ ಇನ್ನೊಬ್ಬರಿಗೆ ಅದನ್ನು ದಾಟಿಸುವುದೂ ಇಲ್ಲ. 1988ರಲ್ಲಿ ಇದಾವುದೂ ಇರಲಿಲ್ಲ.

ಆಶ್ ದಂಪತಿಗಳು ವಿಷಯವನ್ನು ಹೊರಗೆ ಬಿಡಲಿಲ್ಲ. ಕೆಲವು ಆಪ್ತರಿಗೆ, ವೈದ್ಯರಿಗೆ ಗೊತ್ತಿತ್ತು. ಮೂರೂವರೆ ವರ್ಷ ಅವರೂ ಬಾಯಿ ಬಿಡಲಿಲ್ಲ. ಏಕೆ ಈ ಗುಟ್ಟು? ಆ ವರ್ಷಗಳನ್ನು ನೆನಪಿಸಿಕೊಂಡರೆ ಸಾಕು. ಇಂಡಿಯಾನಾದ ರಯನ್ ವೈಟ್ ಎಂಬ ಹುಡುಗನಿಗೆ ಹಿಮೊಫಿಲಿಯಾ ಚಿಕಿತ್ಸೆಯಿಂದ ಈ ಸೋಂಕು ತಗುಲಿತ್ತು. 1985ರಲ್ಲಿ ಅವನನ್ನು ಶಾಲೆಗೆ ಬರಬೇಡ ಎಂದರು. 1987ರಲ್ಲಿ ಫ್ಲಾರಿಡಾದ ಆರ್ಕೇಡಿಯಾ ಊರಿನಲ್ಲಿ ಇಂಥದೇ ಮೂವರು ಅಣ್ಣತಮ್ಮಂದಿರಿದ್ದ ಮನೆ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಸೋಂಕು ಇರುವ ಪರದೇಶದವರು ಅಮೆರಿಕದೊಳಕ್ಕೆ ಬರುವಂತಿಲ್ಲ ಎಂಬ ನಿರ್ಬಂಧ ಬಂತು. ಅದು ಹೋದದ್ದು 2010ರಲ್ಲಿ. ಪುಟ್ಟ ಮಗಳಿರುವ ತಂದೆ ಇದನ್ನೆಲ್ಲ ನೋಡಿ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ಹೇಡಿತನ ಎನ್ನುವವರು ಯಾರು?

1992ರ ಏಪ್ರಿಲ್ ಮೊದಲ ವಾರ ಯು.ಎಸ್.ಎ. ಟುಡೇ ಪತ್ರಿಕೆಗೆ ಸುಳಿವು ಸಿಕ್ಕಿತು. ವಿಚಾರಿಸಲು ಬಂದ ವರದಿಗಾರ ಆಶ್ ಅವರನ್ನು ಚಿಕ್ಕಂದಿನಿಂದ ಬಲ್ಲವರು. ಆಶ್ ಪತ್ರಿಕೆಯ ಕ್ರೀಡಾ ಸಂಪಾದಕರೊಡನೆ ಫೋನಿನಲ್ಲಿ ಮಾತಾಡಿದರು. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಸ್ವಲ್ಪ ಸಮಯ ಕೇಳಿದರು. ದೃಢಪಡದೆ ಅಚ್ಚು ಹಾಕುವುದಿಲ್ಲ, ಆದರೆ ದೃಢಪಡಿಸಿಕೊಳ್ಳುವ ಪ್ರಯತ್ನ ನಿಲ್ಲಿಸುವುದೂ ಇಲ್ಲ ಎಂಬುದು ಪತ್ರಿಕೆಯ ನಿಲುವು. ಇನ್ನು ತಡಮಾಡಿ ಫಲವಿಲ್ಲವೆಂದು ಏಪ್ರಿಲ್ 8ರಂದು ಆಶ್ ತಾವೇ ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಕರೆದು ಹೇಳಿಬಿಟ್ಟರು. ಐದು ವರ್ಷದ ಮಗಳ ಮಾತು ಬಂದಾಗ ಗಂಟಲು ಕಟ್ಟಿತು. ಆ ಭಾಗವನ್ನು ಹೆಂಡತಿ ಓದಬೇಕಾಯಿತು. ಎರಡಂಗುಲ ಆಚೆ ಬಿದ್ದ ಚೆಂಡಿಗೂ ಮುಖ ಬದಲಿಸದೆ ಬೆಳೆದಿದ್ದ ಮನುಷ್ಯ ಅವರು.

ಪತ್ರಿಕೆ ಮಾಡಿದ್ದು ಸರಿಯೇ? ಅದರ ಕಡೆಯ ವಾದವನ್ನು ನ್ಯಾಯವಾಗಿಯೇ ಹೇಳೋಣ. ಸುದ್ದಿ ಸುದ್ದಿಯೇ. ಆಶ್ ಸಾರ್ವಜನಿಕ ವ್ಯಕ್ತಿ, ಜನರ ಅಭಿಮಾನದಿಂದಲೇ ದೊಡ್ಡವರಾದವರು. ಅವರಿಗೆ ಹೃದಯಾಘಾತವಾದಾಗ ಬರೆದ ಪತ್ರಿಕೆಗಳು ಏಡ್ಸ್ ಆದಾಗ ಬರೆಯಬಾರದು ಎಂದರೆ ಏಡ್ಸ್ ನಾಚಿಕೆಯ ರೋಗವೆಂದು ಪತ್ರಿಕೆಯೇ ಒಪ್ಪಿಕೊಂಡಂತೆ ಆಗುವುದಿಲ್ಲವೇ? ಹೆಸರಾಂತವರು ಮುಚ್ಚಿಟ್ಟರೆ ಹೆಸರಿಲ್ಲದವರು ಇನ್ನೂ ಕತ್ತಲೆಗೆ ಸರಿಯುತ್ತಾರೆ. ಇದು ಹಗುರವಾದ ವಾದವಲ್ಲ.

ಆದರೂ ನಮಗೆ ಇದು ಸರಿತೋರುವುದಿಲ್ಲ. ತಿಳಿಯುವ ಹಕ್ಕು ಎಂಬುದು ತಿಳಿಯುವ ಆಸೆಯಿಂದ ಹುಟ್ಟುವುದಿಲ್ಲ. ತಿಳಿಯದಿದ್ದರೆ ನಮಗೇನು ಹಾನಿ ಎಂಬುದರಿಂದ ಹುಟ್ಟುತ್ತದೆ. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅವರಿಗೆ ಪಾರ್ಶ್ವವಾಯು ಬಡಿದಾಗ ಹೆಂಡತಿ ಮತ್ತು ವೈದ್ಯರು ಅದರ ತೀವ್ರತೆಯನ್ನು ದೇಶದಿಂದ ಮರೆಮಾಡಿದರು. ಅಲ್ಲಿ ಜನ ಕೇಳಬಹುದಿತ್ತು. ಆ ಮನುಷ್ಯನ ಮಿದುಳಿನಿಂದ ದೇಶದ ಆಡಳಿತ ನಡೆಯಬೇಕಾಗಿತ್ತು. ವಿಮಾನ ಹಾರಿಸುವವನಿಗೆ ಮೂರ್ಛೆರೋಗವಿದ್ದರೆ ಹಿಂದೆ ಕೂತ ಪ್ರಯಾಣಿಕರ ಪರವಾಗಿ ಯಾರಾದರೂ ಕೇಳಲೇಬೇಕು. ಆಟ ಬಿಟ್ಟು 12 ವರ್ಷವಾದ ಟೆನಿಸ್ ಆಟಗಾರನ ರಕ್ತದಲ್ಲಿ ಏನಿದೆ ಎಂಬುದರಿಂದ ಯಾವ ಓದುಗನ ಪ್ರಾಣ, ಹಣ, ಮತ ಅಪಾಯದಲ್ಲಿತ್ತು? ಇನ್ನು ಹೃದಯಾಘಾತದ ಹೋಲಿಕೆ. ಹೃದಯಾಘಾತವಾದವನ ಮಗುವನ್ನು ಶಾಲೆಯವರು ಹೊರಗೆ ಹಾಕುತ್ತಿರಲಿಲ್ಲ. ಎರಡು ರೋಗಗಳೂ ಒಂದೇ ಎಂದು ಮೊದಲು ಜಗತ್ತು ನಡೆದುಕೊಂಡು ತೋರಿಸಬೇಕು. ಆ ಸಮಾನತೆಯನ್ನು ಒಬ್ಬ ರೋಗಿಯ ತಲೆಯ ಮೇಲೆ ಹೇರಿ ಸಾಧಿಸುವುದು ನ್ಯಾಯವಲ್ಲ.

ಇಲ್ಲಿ ಒಂದು ತೊಡಕಿದೆ. ಬಹಿರಂಗವಾದದ್ದರಿಂದ ಒಳ್ಳೆಯದೂ ಆಯಿತು. ಆಶ್ ಏಡ್ಸ್ ವಿರುದ್ಧ ಒಂದು ಪ್ರತಿಷ್ಠಾನ ಸ್ಥಾಪಿಸಿದರು. 1992ರ ಡಿಸೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ನಡುವೆ ಸೆಪ್ಟೆಂಬರಿನಲ್ಲಿ, ಹೈಟಿಯಿಂದ ಬಂದ ನಿರಾಶ್ರಿತರನ್ನು ಹಿಂದಕ್ಕೆ ಕಳಿಸುತ್ತಿದ್ದುದನ್ನು ವಿರೋಧಿಸಿ ಶ್ವೇತಭವನದ ಮುಂದೆ ಬಂಧನಕ್ಕೂ ಒಳಗಾದರು. 1993ರ ಫೆಬ್ರವರಿ 6ರಂದು, 49ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ಆ ಹತ್ತು ತಿಂಗಳಲ್ಲಿ ಅವರು ಈ ರೋಗಕ್ಕೆ ಮರ್ಯಾದೆಯ ಮುಖವೊಂದನ್ನು ತಂದುಕೊಟ್ಟರು. ಹಾಗಾದರೆ ಪತ್ರಿಕೆ ಒತ್ತಾಯಿಸಿದ್ದೇ ಒಳ್ಳೆಯದಾಯಿತಲ್ಲ ಎನ್ನಬಹುದೇ? ಒಬ್ಬನನ್ನು ಬಾವಿಗೆ ತಳ್ಳಿದರು, ಅವನು ಈಜಿ ಮೇಲೆ ಬರುವಾಗ ಮುಳುಗುತ್ತಿದ್ದ ಇನ್ನೊಬ್ಬನನ್ನೂ ಎಳೆದುಕೊಂಡು ಬಂದ ಎನ್ನಿ. ಹೊಗಳಿಕೆ ಈಜಿದವನಿಗೆ ಸಲ್ಲಬೇಕು, ತಳ್ಳಿದವರಿಗಲ್ಲ. ಒಬ್ಬರ ಕಷ್ಟದಿಂದ ಲೋಕಕ್ಕೆ ಉಪಕಾರವಾಗುವುದಾದರೂ ಆ ಉಪಕಾರ ಮಾಡುವ ನಿರ್ಧಾರ ಅವರದೇ ಆಗಿರಬೇಕು. ಕಸಿದುಕೊಂಡದ್ದು ದಾನವಾಗುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಸಂಸ್ಕಾರದಿಂದಲೇ ಬರುತ್ತದೆ. ರಾಘವಾಂಕನ ಹರಿಶ್ಚಂದ್ರನ ಕಥೆ ಕೇಳಿ ಬೆಳೆದವರು ನಾವು. ಗುಟ್ಟು ಎಂದರೆ ಅರ್ಧ ಸುಳ್ಳು ಎಂಬ ಭಾವನೆ ನಮ್ಮಲ್ಲಿದೆ. ಆಶ್ ಕೂಡ ಗುಟ್ಟು ಕಾಪಾಡಲು ಕೆಲವೊಮ್ಮೆ ಸುಳ್ಳಿನ ಅಂಚಿಗೆ ಬರಬೇಕಾಯಿತು, ಅದು ಅವರನ್ನು ಬಾಧಿಸಿತು. ಆದರೆ ಹರಿಶ್ಚಂದ್ರ ಕಾಪಾಡಿದ್ದು ತಾನು ಕೊಟ್ಟ ಮಾತನ್ನು, ಮಾರಿಕೊಂಡಿದ್ದು ತನ್ನನ್ನು ಮತ್ತು ತನ್ನವರನ್ನು. ಇನ್ನೊಬ್ಬರ ಮನೆಯ ವಿಷಯವನ್ನು ಬೀದಿಯಲ್ಲಿ ಹೇಳಿ ಅವನು ಸತ್ಯವಂತನೆನಿಸಿಕೊಳ್ಳಲಿಲ್ಲ. ಸುಳ್ಳು ಹೇಳದಿರುವುದು ಒಂದು ಧರ್ಮ. ಇರುವುದನ್ನೆಲ್ಲ ಹೇಳಬೇಕೆಂಬುದು ಬೇರೆಯೇ ಮಾತು, ಅದನ್ನು ಯಾವ ಶಾಸ್ತ್ರವೂ ವಿಧಿಸಿಲ್ಲ. ವೈದ್ಯರ ಮಟ್ಟಿಗಂತೂ ವಿಧಿ ಇದಕ್ಕೆ ವಿರುದ್ಧವಾಗಿದೆ. ಹಿಪ್ಪೊಕ್ರಟೀಸನ ಪ್ರತಿಜ್ಞೆ ನಮಗೆಲ್ಲ ಗೊತ್ತು. ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲೂ, ಕಲಿಕೆ ಆರಂಭಿಸುವ ಶಿಷ್ಯನಿಗೆ ಗುರು ಹೇಳುವ ಕಟ್ಟಳೆಗಳಲ್ಲಿ ಇದೂ ಒಂದು: ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಬಾರದು.

ಹಾಗೆಂದು ಎಲ್ಲ ಗುಟ್ಟೂ ಪವಿತ್ರವಲ್ಲ. ಮಹಾಭಾರತದಲ್ಲಿ ಕರ್ಣನ ಹುಟ್ಟು ಕುಂತಿಯ ಸ್ವಂತ ಗುಟ್ಟು. ಆದರೆ ಅದರ ಮೇಲೆ ಆರು ಜನ ಅಣ್ಣತಮ್ಮಂದಿರ ಪ್ರಾಣ ನಿಂತಿತ್ತು. ಯುದ್ಧವೆಲ್ಲ ಮುಗಿದು ತರ್ಪಣ ಬಿಡುವ ಹೊತ್ತಿಗೆ ಅದು ಹೊರಬಿದ್ದಾಗ ಧರ್ಮರಾಯನಂಥ ಶಾಂತಸ್ವಭಾವದವನೂ ಶಪಿಸಿದ. ಮೌನದಿಂದ ಇನ್ನೊಬ್ಬರು ಸಾಯುವಂತಿದ್ದರೆ ಮೌನಕ್ಕೆ ಹಕ್ಕಿಲ್ಲ. ಕಾನೂನು ಬಂದು ತಲುಪಿರುವುದೂ ಸುಮಾರು ಇಲ್ಲಿಗೇ. 1969ರಲ್ಲಿ ಬರ್ಕ್‌ಲಿಯಲ್ಲಿ, ಭಾರತದಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿ ಟಟಿಯಾನಾ ತಾರಸಾಫ್ ಎಂಬ ಹುಡುಗಿಯನ್ನು ಕೊಂದ. ಕೊಲ್ಲುವ ಮಾತನ್ನು ಮೊದಲೇ ಚಿಕಿತ್ಸಕರ ಮುಂದೆ ಆಡಿದ್ದ. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕನ ಮೇಲಿದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1976ರಲ್ಲಿ ಹೇಳಿತು. 1998ರಲ್ಲಿ ಭಾರತದ ಸುಪ್ರೀಂ ಕೋರ್ಟು, ಮದುವೆಯಾಗಲಿರುವ ಹೆಣ್ಣಿನ ಪ್ರಾಣದ ಹಕ್ಕು ಗಂಡಿನ ಗುಟ್ಟಿಗಿಂತ ದೊಡ್ಡದು ಎಂಬ ಅಭಿಪ್ರಾಯ ಕೊಟ್ಟಿತು. ಆದರೆ ಒಪ್ಪಿಗೆಯಿಲ್ಲದೆ ರೋಗಿಯ ಎಚ್.ಐ.ವಿ. ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ಭಾರತದ 2017ರ ಕಾಯಿದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಒಟ್ಟು ಅರ್ಥ ಇಷ್ಟು: ಅಪಾಯವಿರುವ ಒಬ್ಬರಿಗೆ ಹೇಳಬೇಕಾಗಿ ಬರಬಹುದು; ಊರಿಗೆಲ್ಲ ಹೇಳಬೇಕಾಗಿ ಬರುವುದಿಲ್ಲ. ಆಶ್ ಅವರ ವಿಷಯದಲ್ಲಿ ಆ ಒಬ್ಬರಿಗೆ, ಅಂದರೆ ಹೆಂಡತಿಗೆ, ಮೊದಲೇ ಗೊತ್ತಿತ್ತು. ಉಳಿದದ್ದು ಊರಿನ ಕುತೂಹಲ ಮಾತ್ರ.

ಊರು ಎಂದರೆ ಪತ್ರಿಕೆಯೇ ಆಗಬೇಕಿಲ್ಲ. ನಮ್ಮ ಕನ್ನಡ ಕೂಟವೂ ಒಂದು ಊರೇ. ಯುಗಾದಿ ಊಟದ ಸಾಲಿನಲ್ಲಿ ಪುಳಿಯೋಗರೆ ಬಡಿಸಿಕೊಳ್ಳುತ್ತಾ, ದನಿ ತಗ್ಗಿಸಿ, "ಡಾಕ್ಟ್ರೇ, ಅವರು ತುಂಬಾ ಇಳಿದುಹೋಗಿದ್ದಾರಲ್ಲ, ಏನಂತೆ?" ಎಂದು ನಮ್ಮಂಥವರನ್ನು ಕೇಳುವವರಿದ್ದಾರೆ. ಕೇಳುವವರು ಕೆಟ್ಟವರಲ್ಲ, ಹೆಚ್ಚಿನವರಿಗೆ ನಿಜವಾದ ಕಾಳಜಿಯೇ ಇರುತ್ತದೆ. ಆದರೆ ಆಡಿದ ಮಾತು ಒಡೆದ ಮುತ್ತು. ಊಟದ ಸಾಲಿನಲ್ಲಿ ಹೇಳಿದ್ದು ರಾತ್ರಿಯೊಳಗೆ ವಾಟ್ಸಾಪಿನಲ್ಲಿ ಬೆಂಗಳೂರು ಮುಟ್ಟುತ್ತದೆ, ಬೆಳಗಿನೊಳಗೆ ಅಲ್ಲಿಂದ ಹಿಂತಿರುಗಿ ರೋಗಿಯ ಅತ್ತೆಯ ಮನೆಗೆ ಬರುತ್ತದೆ.

ಆದ್ದರಿಂದ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ವೈದ್ಯರಾದವರು ನೋಡುತ್ತಲೇ ಇರುತ್ತಾರೆ. ಸ್ತನದ ಕ್ಯಾನ್ಸರಿಗೆ ಕಿಮೊಥೆರಪಿ ತೆಗೆದುಕೊಳ್ಳುತ್ತಿರುವಾಕೆ "ಇಂಡಿಯಾಕ್ಕೆ ಹೋಗಿದ್ದಾರೆ" ಎಂಬ ಸುದ್ದಿಯ ಹಿಂದೆ ಆರು ತಿಂಗಳು ಮನೆಯೊಳಗೇ ಇರುತ್ತಾರೆ. ಮಗನ ಖಿನ್ನತೆಯ ಮಾತ್ರೆಯನ್ನು ಅಕ್ಕನ ಮದುವೆ ಆಗುವವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಇವರ ಗುಟ್ಟನ್ನು ಕಾಪಾಡುವುದು ನಮ್ಮ ಧರ್ಮ, ಕಾಪಾಡುತ್ತೇವೆ. ಆದರೆ ಆ ಗುಟ್ಟಿನ ಬೆಲೆಯೂ ನಮಗೆ ಕಾಣುತ್ತದೆ. ಕಿಮೊ ಆದ ಮಾರನೆಯ ದಿನ ಬಾಯಿಗೆ ಏನೂ ಸೇರದಿರುವಾಗ ಒಂದು ಡಬ್ಬಿ ತಿಳಿಸಾರು ತಂದುಕೊಡಲು ಎರಡು ರಸ್ತೆ ಆಚೆಗೆ ಹತ್ತು ಮನೆಗಳಿವೆ. ಒಬ್ಬರಿಗೂ ಗೊತ್ತಿಲ್ಲ, ಒಬ್ಬರೂ ಬರುವುದಿಲ್ಲ. ರೋಗಕ್ಕಿಂತ ಮೊದಲು ಒಂಟಿತನ ಮನುಷ್ಯನನ್ನು ತಿನ್ನುತ್ತದೆ.

ಹಾಗಾದರೆ ಎಲ್ಲರೂ ಹೇಳಿಕೊಳ್ಳಬೇಕು ಎಂದು ಉಪದೇಶ ಮಾಡೋಣವೇ? ಅದು ಆ ಪತ್ರಿಕೆ ಮಾಡಿದ್ದನ್ನೇ ಮೆಲುದನಿಯಲ್ಲಿ ಮಾಡಿದಂತಾಗುತ್ತದೆ. ರೋಗ ಯಾರದೋ ಗುಟ್ಟು ಅವರದೇ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದು ಅವರ ಇಷ್ಟ. ಆದರೆ ಗುಟ್ಟು ಮಾಡಬೇಕಾದ ಅಗತ್ಯವನ್ನು ಹುಟ್ಟಿಸುವವರು ಅವರಲ್ಲ. ಆಶ್ ಅವರನ್ನು ಸುಮ್ಮನಾಗಿಸಿದ್ದು ವೈರಸ್ ಅಲ್ಲ. ಶಾಲೆಯ ಬಾಗಿಲು ಹಾಕಿದವರು. ಆ ಬಾಗಿಲು ನಮ್ಮ ಕೈಯಲ್ಲಿದೆ. ಒಬ್ಬರ ಕಾಯಿಲೆ ಗೊತ್ತಾದಾಗ ಅವರ ಮಗಳ ಸಂಬಂಧದ ಮಾತು ಹಿಂದೆ ಸರಿಯುವುದಿಲ್ಲ, ಅವರ ಕರ್ಮದ ಲೆಕ್ಕ ಹಾಕುವವರಿಲ್ಲ, ಅವರ ಮನೆಯ ಕಾಫಿ ಕುಡಿಯಲು ಹಿಂಜರಿಯುವವರಿಲ್ಲ ಎಂಬುದನ್ನು ಒಂದೊಂದಾಗಿ ತೋರಿಸುತ್ತಾ ಬಂದರೆ, ಹೇಳಬೇಕೆನ್ನಿಸಿದವರು ತಾವಾಗಿಯೇ ಹೇಳುತ್ತಾರೆ. ತಿಳಿಯುವ ಹಕ್ಕು ಬೇಕೆನ್ನುವವರು ಮೊದಲು ಗಳಿಸಬೇಕಾದ ಯೋಗ್ಯತೆ ಇದು.

ಅಲ್ಲಿಯವರೆಗೆ ಊಟದ ಸಾಲಿನ ಪ್ರಶ್ನೆಗೆ ನಮ್ಮ ಉತ್ತರ ಒಂದೇ: ಅವರನ್ನೇ ಕೇಳಿ. ಕೇಳುವಾಗಲೂ "ಏನಂತೆ?" ಎನ್ನಬೇಡಿ. "ನಾಳೆ ಆ ಕಡೆ ಬರುತ್ತಿದ್ದೇನೆ, ಏನಾದರೂ ತರಲೇ?" ಎನ್ನಿ. ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಅವರು ಏನೂ ಹೇಳದಿದ್ದರೂ ಸಾರಿನ ಡಬ್ಬಿ ಕೊಟ್ಟು ಬನ್ನಿ.